ಶಟರ್ ಎಳೆದ ಆ ಮಧ್ಯಾಹ್ನ

ಬೀದಿಯಲ್ಲೊಂದು ಗ್ಯಾರೇಜು ಇದ್ದ ಮೇಲೆ ಅಕ್ಕಪಕ್ಕದವರ ಜೊತೆ ಸದ್ದಿನ ತಕರಾರು ತಪ್ಪಿದ್ದಲ್ಲ. ಅದರಲ್ಲೂ ಗಾಳಿ ಮೇಷ್ಟ್ರ ಗ್ಯಾರೇಜಿನದು ಅಂತಿಂಥ ಸದ್ದಲ್ಲ. ಅಲ್ಲಿಗೆ ಬರುತ್ತಿದ್ದುದು ಟರ್ಬೊ ಕಾರುಗಳು. ಕೊಂಡ ಕಾರಿನ ಜೋರು ಸಾಲದು ಅನ್ನುವವರು, ರಜಾ ದಿನ ಊರಾಚೆಯ ರೇಸ್ ಟ್ರ್ಯಾಕಿನಲ್ಲಿ ಓಡಿಸುವ ಹುಚ್ಚಿನವರು ದೂರದೂರದಿಂದ ಹುಡುಕಿಕೊಂಡು ಬರುತ್ತಿದ್ದರು.

ಟರ್ಬೊ ಅಂದರೇನು ಎಂದು ಯಾರಾದರೂ ಕೇಳಿದರೆ ಸಾಕು, ಮೇಷ್ಟ್ರು ಕೈಯಲ್ಲಿದ್ದ ಕೆಲಸ ಬಿಟ್ಟು ಪಾಠ ಶುರು ಮಾಡುತ್ತಿದ್ದರು. "ಇಂಜಿನ್ನು ಬಿಡೋ ಹೊಗೆ ಸುಮ್ನೆ ಹೊರಗೆ ಹೋಗುತ್ತಲ್ಲ, ಅದರಲ್ಲಿ ಒಂದು ಪುಟ್ಟ ಚಕ್ರ ತಿರುಗಿಸ್ತೀವಿ. ಆ ಚಕ್ರ ಇನ್ನೊಂದು ಚಕ್ರ ತಿರುಗಿಸಿ ಇಂಜಿನ್ನಿಗೆ ಗಾಳಿ ತುರುಕುತ್ತೆ. ಗಾಳಿ ಜಾಸ್ತಿ ಆದ್ರೆ ಪೆಟ್ರೋಲು ಜಾಸ್ತಿ ಕೊಡ್ಬಹುದು. ಜೋರೂ ಜಾಸ್ತಿ. ಎಲ್ಲಾ ಗಾಳಿ ಮಹಿಮೆ!" ಮಾತು ಮಾತಿಗೆ ಗಾಳಿ ಗಾಳಿ ಎನ್ನುತ್ತಿದ್ದರಿಂದ ಆ ಹೆಸರು ಬಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ.

ಮೇಷ್ಟ್ರ ಹೆಂಡತಿಯನ್ನು ಇಡೀ ಬೀದಿ ಅಕ್ಕ ಎಂದು ಕರೆಯುತ್ತಿತ್ತು. ಯಾಕೆಂದರೆ ದಿನಕ್ಕೆ ನೂರು ಸಲ "ಅಕ್ಕಾ, ಟೀ", "ಅಕ್ಕಾ, ಫೋನು", "ಅಕ್ಕಾ, ನನ್ನ ಸುತ್ತಿಗೆ ಎಲ್ಲಿಟ್ಟೆ?" ಎಂದು ಗ್ಯಾರೇಜಿನಿಂದ ಅವಳ ತಮ್ಮನ ಕೂಗು ಕೇಳುತ್ತಿತ್ತು. ಈ ತಮ್ಮ ವೆಲ್ಡರು. ಹೊಗೆ ಹೋಗುವ ಸೈಲೆನ್ಸರ್ ಪೈಪನ್ನು ಬಗ್ಗಿಸಿ, ಬೆಸೆದು, ಕಾರಿನ ಹೊಟ್ಟೆಯಡಿ ಕೂರಿಸುವುದು ಅವನ ಕೆಲಸ. ಅವನ ಬೆಸುಗೆಯ ಗೆರೆ ನೋಡಿದವರು ಬೆರಳಿಂದ ಸವರದೆ ಬಿಡುತ್ತಿರಲಿಲ್ಲ, ಅಷ್ಟು ನಯ. ಹಾಗಾಗಿ ಅವನು ಪೈಪಣ್ಣ.

ಅಮ್ಮ ತೀರಿಕೊಂಡಾಗ ಪೈಪಣ್ಣನಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅವನಿಗೆ ತಲೆ ಬಾಚಿದ್ದು, ಜ್ವರ ಬಂದಾಗ ಒದ್ದೆಬಟ್ಟೆ ಹಾಕಿದ್ದು, ಮೊದಲ ಸಲ ಮೀಸೆ ಬೋಳಿಸಿಕೊಂಡು ಗಾಯ ಮಾಡಿಕೊಂಡಾಗ ನಕ್ಕು ಮದ್ದು ಹಚ್ಚಿದ್ದು ಎಲ್ಲಾ ಅವಳೇ. ಈಗ ಅವನಿಗೆ ಮೂವತ್ತೊಂದು. ಆದರೂ ಅಕ್ಕ ಊಟಕ್ಕೆ ಕರೆಯುವವರೆಗೆ ಅವನಿಗೆ ಹಸಿವಾಗುತ್ತಿರಲಿಲ್ಲ.

ಗ್ಯಾರೇಜಿನ ನೆಲದಲ್ಲಿ ದಪ್ಪನೆಯ ಉಕ್ಕಿನ ಉರುಳೆಗಳನ್ನು ಹುಗಿದಿದ್ದರು. ಅವುಗಳ ಮೇಲೆ ಕಾರಿನ ಚಕ್ರ ನಿಲ್ಲಿಸಿ, ಪಟ್ಟಿಗಳಿಂದ ಬಿಗಿದು, ನಿಂತಲ್ಲೇ ಪೂರ್ತಿ ವೇಗಕ್ಕೆ ಓಡಿಸುವುದು. ಮೇಷ್ಟ್ರು ಒಳಗೆ ಕೂತು ಲ್ಯಾಪ್‌ಟಾಪಿನಲ್ಲಿ ಅಂಕಿ ತಿದ್ದುವುದು. ಮತ್ತೆ ಓಡಿಸುವುದು, ಮತ್ತೆ ತಿದ್ದುವುದು. ಓಡಿಸಿದಾಗಲೆಲ್ಲ ಪಕ್ಕದ ಮನೆಯ ಪಾತ್ರೆ ಪಗಡ ಗಡಗಡ ಅನ್ನುತ್ತಿದ್ದವು.

ಪಕ್ಕದ ಮನೆಯವನು ಟೈಲರಣ್ಣ. ಒಂದು ದಿನ ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಬಂದ.

"ಅಕ್ಕಾ, ಜಗಳಕ್ಕೆ ಬಂದಿಲ್ಲ. ನಿಮ್ಮನೆ ಬಟ್ಟೆ ಹೊಲಿಯೋನು ನಾನು. ಜಗಳ ಮಾಡಿದ್ರೆ ಬೇಕಂತ್ಲೇ ತೋಳು ಚಿಕ್ಕದು ಮಾಡ್ದ ಅಂತೀರಿ."

"ಅಯ್ಯೋ, ಹೇಳಪ್ಪ."

"ಅಮ್ಮಂಗೆ ಎದೆ ಆಪರೇಷನ್ ಆಗಿದೆಯಲ್ಲ. ಮಧ್ಯಾಹ್ನ ಎರಡು ಗಂಟೆ ಮಲಗಿಸ್ಲೇಬೇಕು ಅಂದಿದಾರೆ ಡಾಕ್ಟ್ರು. ನಿಮ್ಮ ಕಾರು ಗುಡುಗಿದ ತಕ್ಷಣ ಎದೆ ಹಿಡ್ಕೊಂಡು ಎದ್ದು ಕೂರ್ತಾಳೆ. ಏನಾದ್ರೂ ಮಾಡಕ್ಕಾಗುತ್ತಾ?"

ಅಕ್ಕನ ಮುಖ ನಾಚಿಕೆಯಿಂದ ಚಿಕ್ಕದಾಯಿತು. "ನಾಳೆಯಿಂದ ಶಟರ್ ಎಳ್ಕೊಂಡು ಕೆಲಸ ಮಾಡಿಸ್ತೀನಿ. ಅಜ್ಜಿ ನೆಮ್ಮದಿಯಾಗಿ ಮಲಗ್ಲಿ" ಅಂದಳು.

ಅಂದಂತೆ ನಡೆದುಕೊಂಡಳು. ಕಾರು ಓಡಿಸುವಾಗ ಶಟರು ಕೆಳಗೆ. ಹಿಂದಿನ ಕಿಟಕಿಗೆ ಪೈಪಣ್ಣನೇ ಹಲಗೆ ಹೊಡೆದ. ಹೊಗೆ ಎಳೆಯುವ ಫ್ಯಾನೊಂದು ಗೋಡೆಯಲ್ಲಿತ್ತು, ಅದೂ ಭರ್ರೋ ಎನ್ನುತ್ತಿದ್ದರಿಂದ ಅದನ್ನೂ ನಿಲ್ಲಿಸಿದರು. ಕಾರಿನ ಪೈಪಿಗೆ ಸಿಕ್ಕಿಸಿ ಹೊಗೆಯನ್ನು ಹೊರಗೆ ಬಿಡುವ ಉದ್ದನೆಯ ಕೊಳವೆ ಇತ್ತು. ಆದರೆ ಟ್ರ್ಯಾಕಿನ ಕಾರುಗಳಿಗೆ ಪೈಪಣ್ಣ ಮಾಡುತ್ತಿದ್ದ ಪೈಪು ಮೊಣಕೈ ದಪ್ಪ, ಕೊಳವೆಯ ಬಾಯಿ ಚಿಕ್ಕದು. ಅದು ಮೂಲೆಯಲ್ಲಿ ಸುತ್ತಿಕೊಂಡು ಬಿದ್ದಿತ್ತು.

ಒಂದು ತಿಂಗಳಾಗುವಷ್ಟರಲ್ಲಿ ಪೈಪಣ್ಣನಿಗೆ ತಲೆನೋವು ಶುರುವಾಯಿತು. ವೆಲ್ಡಿಂಗ್ ಬೆಳಕಿಗೆ ಕಣ್ಣು ಸೋತಿದೆ ಎಂದುಕೊಂಡ ಅಕ್ಕ ಅವನನ್ನು ಎಳೆದುಕೊಂಡು ಹೋಗಿ ಕನ್ನಡಕ ಮಾಡಿಸಿಕೊಟ್ಟಳು. ಕನ್ನಡಕ ಬಂತು, ತಲೆನೋವು ಹೋಗಲಿಲ್ಲ.

ಗ್ಯಾರೇಜಿನ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ನರ್ಸಮ್ಮ ಇದ್ದಳು. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಪಾಳಿ ಮುಗಿಸಿ ಬಂದವಳು ಮೆಟ್ಟಿಲು ಹತ್ತುವ ಮುಂಚೆ ಅಕ್ಕನ ಹತ್ತಿರ ಒಂದು ಲೋಟ ಟೀ ಕುಡಿಯುವುದು ವಾಡಿಕೆ. ಅವತ್ತು ಪೈಪಣ್ಣ ಹಣೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದ.

"ಏನಾಯ್ತೋ?"

"ತಲೆ ನರ್ಸಮ್ಮ. ಯಾರೋ ಒಳಗೆ ಕೂತು ಡೆಂಟ್ ತೆಗೀತಿರೋ ಹಾಗಿದೆ."

"ಬೆಳಿಗ್ಗೆ ಏಳುವಾಗ್ಲೂ ಇರುತ್ತಾ?"

"ಇಲ್ಲ. ಹನ್ನೊಂದು ಹನ್ನೆರಡಕ್ಕೆ ಶುರು."

"ಭಾನುವಾರ?"

ಪೈಪಣ್ಣ ಯೋಚಿಸಿದ. "ಭಾನುವಾರ ಇರಲ್ಲ. ನನಗೂ ರಜ, ತಲೆನೋವಿಗೂ ರಜ!"

ಅಕ್ಕ ನಕ್ಕಳು, ಮೇಷ್ಟ್ರೂ ನಕ್ಕರು. ನರ್ಸಮ್ಮ ನಗಲಿಲ್ಲ. ಶಟರಿನ ಕಡೆ ನೋಡಿದಳು, ಹಲಗೆ ಹೊಡೆದ ಕಿಟಕಿಯ ಕಡೆ ನೋಡಿದಳು.

"ಮೇಷ್ಟ್ರೇ, ಎಲ್ಲಾ ಮುಚ್ಕೊಂಡು ಒಳಗೇ ಇಂಜಿನ್ ಓಡಿಸ್ತಿದ್ದೀರಾ?"

"ಐದು ನಿಮಿಷ ಓಡಿಸ್ತೀವಿ, ನಿಲ್ಲಿಸ್ತೀವಿ. ಹೊಗೆ ಎಲ್ಲಿದೆ ತೋರ್ಸಿ ನೋಡೋಣ? ನನ್ನ ಟ್ಯೂನಿಂಗಲ್ಲಿ ಕಾರು ಹೊಗೆ ಉಗುಳಲ್ಲಮ್ಮ."

"ಕಾಣೋ ಹೊಗೆ ಮಾತಲ್ಲ. ಕಾರ್ಬನ್ ಮೊನಾಕ್ಸೈಡ್ ಅಂತ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ. ರಕ್ತದಲ್ಲಿ ಆಮ್ಲಜನಕ ಕೂರೋ ಸೀಟಲ್ಲಿ ಅದು ಹೋಗಿ ಕೂತ್ಬಿಡುತ್ತೆ. ಎಬ್ಬಿಸಿದ್ರೂ ಬೇಗ ಏಳಲ್ಲ. ಮೊದಲು ತಲೆನೋವು, ಆಮೇಲೆ ತಲೆ ತಿರುಗೋದು, ವಾಕರಿಕೆ, ಕೈಕಾಲು ಸೋಲೋದು. ಜಾಗ ಬಿಟ್ಟು ಹೊರಗೆ ಹೋದ್ರೆ ಕಡಿಮೆ ಆಗೋ ತಲೆನೋವು ಅಂದ್ರೆ ಅದೇ ಗುರುತು."

"ಆ ಗ್ಯಾಸಿನ ಹೆಸರು ನನಗೆ ಗೊತ್ತಿಲ್ವಾ?" ಮೇಷ್ಟ್ರಿಗೆ ಸ್ವಲ್ಪ ಚುಚ್ಚಿತು. "ಇಪ್ಪತ್ತೆರಡು ವರ್ಷ ಆಯ್ತು ಈ ಕೆಲಸದಲ್ಲಿ. ಇಷ್ಟು ದೊಡ್ಡ ಶೆಡ್ಡು, ಇಷ್ಟು ಎತ್ತರದ ಮಾಡು."

"ಭಾವ ಹೇಳೋದು ಸರಿ. ಬೇಕಾದ್ರೆ ನಾನು ಮೂಗಿಗೆ ಬಟ್ಟೆ ಕಟ್ಕೋತೀನಿ" ಅಂದ ಪೈಪಣ್ಣ.

"ಬಟ್ಟೆ ಅದನ್ನ ತಡೆಯಲ್ಲಪ್ಪ. ಶಟರ್ ಎತ್ತಿ, ಫ್ಯಾನ್ ಹಾಕಿ. ಗೋಡೆಗೆ ಹಾಕೋ ಸಣ್ಣ ಯಂತ್ರ ಸಿಗುತ್ತೆ, ಅಂಗೈಯಷ್ಟಿರುತ್ತೆ. ಆ ಗ್ಯಾಸು ಬಂದ್ರೆ ಕೂಗುತ್ತೆ. ಒಂದು ತಂದು ಹಾಕಿ."

"ಈ ಟ್ರ್ಯಾಕ್ ದಿನ ಒಂದು ಮುಗೀಲಿ. ಆಮೇಲೆ ತರೋಣ" ಅಂದರು ಮೇಷ್ಟ್ರು.

ಅಕ್ಕನಿಗೆ ಒಳಗೊಳಗೇ ಕಸಿವಿಸಿಯಾಯಿತು. ಅಂದಿನಿಂದ ಅವಳು ಶಟರನ್ನು ಪೂರ್ತಿ ಎಳೆಯದೆ ಮೊಣಕಾಲುದ್ದ ಬಿಡತೊಡಗಿದಳು. ಅಷ್ಟಾದರೆ ಸಾಕು ಎಂದುಕೊಂಡಳು. ಅಷ್ಟು ಸಾಲದು ಎಂದು ಅವಳಿಗೆ ಹೇಳುವವರಿರಲಿಲ್ಲ. ನರ್ಸಮ್ಮನಿಗೆ ಮರುದಿನದಿಂದ ಬೇರೆ ಪಾಳಿ ಬಿತ್ತು.

ಆ ಟ್ರ್ಯಾಕ್ ದಿನಕ್ಕೆ ಸಿದ್ಧವಾಗಬೇಕಿದ್ದದ್ದು ಒಬ್ಬ ಹಲ್ಲಿನ ಡಾಕ್ಟರ ಬಿಳಿ ಕಾರು. ಅದಕ್ಕೆ ದೊಡ್ಡ ಟರ್ಬೊ ಕೂರಿಸಿದ್ದರು. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಡಬ್ಬಿಯೊಂದು ಪ್ರತಿ ಕಾರಿನ ಪೈಪಿನಲ್ಲಿರುತ್ತದೆ. ಹೊಗೆ ಸರಾಗವಾಗಿ ಹೋಗಲಿ ಎಂದು ಅದನ್ನು ತೆಗೆದು, ಪೈಪಣ್ಣ ನೇರ ಪೈಪು ಬೆಸೆದಿದ್ದ. ಜೋರು ಓಟಕ್ಕೆ ಇಂಜಿನ್ ಸುಡಬಾರದೆಂದು ಮೇಷ್ಟ್ರು ಪೆಟ್ರೋಲನ್ನು ಧಾರಾಳವಾಗಿ ಬಿಟ್ಟಿದ್ದರು. ಉಸಿರು ಕಟ್ಟಿಸುವ ಆ ಗ್ಯಾಸು ಹೆಚ್ಚಾಗಲು ಇನ್ನೇನು ಬೇಕು? ಪೆಟ್ರೋಲು ಹೆಚ್ಚು, ಶುದ್ಧ ಮಾಡುವ ಡಬ್ಬಿ ಇಲ್ಲ, ಗಾಳಿಗೆ ದಾರಿಯಿಲ್ಲ.

ಅವತ್ತು ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಬೀದಿಯಲ್ಲಿ ಹೋಗುವ ಗಾಡಿಗಳು ಕೆಸರು ಎರಚುತ್ತಿದ್ದವು. ಊಟವಾದ ಮೇಲೆ ಮೇಷ್ಟ್ರು ಎರಡು ಸಲ ಕಾರು ಓಡಿಸಿ ಕೆಳಗಿಳಿದರು.

"ತಲೆ ಸಿಡೀತಿದೆ ಕಣೋ. ಸ್ಪಾರ್ಕ್ ಪ್ಲಗ್ಗು ತರೋಕೆ ಹೇಗೂ ಹೋಗ್ಬೇಕು. ಹಾಗೇ ಒಂಚೂರು ಗಾಳಿ ಕುಡ್ಕೊಂಡು ಬರ್ತೀನಿ."

"ಹೋಗ್ಬನ್ನಿ ಭಾವ. ಇಂಜಿನ್ ಆರಿಸ್ಬೇಡಿ. ನನ್ನ ಬೆಸುಗೇಲಿ ಎಲ್ಲೋ ಸೋರ್ತಿದೆ, ಬಿಸಿ ಇದ್ದಾಗ್ಲೇ ಹುಡುಕ್ತೀನಿ."

ಮೇಷ್ಟ್ರು ಹೋದರು. ಪೈಪಣ್ಣ ಟಾರ್ಚು ಹಿಡಿದು, ಚಾಪೆ ಹಾಸಿಕೊಂಡು, ಕಾರಿನಡಿಗೆ ತಲೆ ತೂರಿಸಿ ಮಲಗಿದ. ಅಷ್ಟರಲ್ಲಿ ಟೈಲರಣ್ಣನ ಅಮ್ಮ ಪರೀಕ್ಷೆ ಮುಗಿಸಿಕೊಂಡು ಆಸ್ಪತ್ರೆಯಿಂದ ಬಂದದ್ದನ್ನು ಅಕ್ಕ ನೋಡಿದಳು. ಅಜ್ಜಿಯ ಮುಖ ಬಾಡಿತ್ತು. ಇವತ್ತಾದರೂ ಸದ್ದಿಲ್ಲದೆ ಮಲಗಲಿ ಅನ್ನಿಸಿತು. ಮಳೆಯ ಎರಚಲೂ ಒಳಗೆ ಬರುತ್ತಿತ್ತು.

"ಲೋ, ಶಟರ್ ಪೂರ್ತಿ ಎಳೀತೀನಿ. ಅಜ್ಜೀನ ಮಾತಾಡ್ಸಿ ಬರ್ತೀನಿ" ಅಂದಳು.

"ಹ್ಞೂಂ ಅಕ್ಕ" ಅಂದ ತಮ್ಮ, ಕಾರಿನ ಕೆಳಗಿನಿಂದ.

ಅಕ್ಕ ಎರಡೂ ಕೈಯಲ್ಲಿ ಶಟರು ಹಿಡಿದು, ನೆಲ ಮುಟ್ಟುವವರೆಗೆ ಎಳೆದಳು.

ಟೈಲರಣ್ಣನ ಮನೆಯಲ್ಲಿ ಟೀ ಆಯಿತು. ಆಸ್ಪತ್ರೆ ಸುದ್ದಿ ಆಯಿತು. ಅಜ್ಜಿ ದಿಂಬಿಗೆ ಒರಗಿಕೊಂಡು ಅಕ್ಕನ ಕೈ ಹಿಡಿದಳು. "ಇವತ್ತು ಏನೂ ಕೇಳಿಸ್ತಿಲ್ಲ ಮಗಳೇ. ಎಷ್ಟು ಹಾಯಾಗಿದೆ. ನಿಂಗೆ ಪುಣ್ಯ ಬರ್ಲಿ" ಅಂದಳು. ಅಕ್ಕನಿಗೆ ಸಂತೋಷವಾಯಿತು. ಇನ್ನೊಂದು ಅರ್ಧ ಲೋಟ ಟೀ ಹಾಕಿಸಿಕೊಂಡಳು.

ಮುಕ್ಕಾಲು ಗಂಟೆ ಕಳೆದಿರಬಹುದು. ಹೊರಗೆ ಶಟರು ಎತ್ತಿದ ಸದ್ದು, ಆಮೇಲೆ ಮೇಷ್ಟ್ರ ಕೂಗು. ಅಂಥ ಕೂಗನ್ನು ಮದುವೆಯಾದಾಗಿನಿಂದ ಅವಳು ಕೇಳಿರಲಿಲ್ಲ. ಓಡಿ ಬಂದಳು, ಹಿಂದೆಯೇ ಟೈಲರಣ್ಣ. ಶಟರು ಎದೆಮಟ್ಟ ಎದ್ದಿತ್ತು. ಮೇಷ್ಟ್ರು ಬಗ್ಗಿ ಒಳಗೆ ನುಗ್ಗಿ ಇಂಜಿನ್ ಆರಿಸಿ, ಬಾಮೈದನ ತೋಳು ಹಿಡಿದು ಎಳೆಯುತ್ತಿದ್ದರು. ಎಳೆಯುತ್ತ ಎಳೆಯುತ್ತ ಅವರ ಮಂಡಿ ಕುಸಿಯಿತು. ತೆವಳಿಕೊಂಡು ಬಾಗಿಲ ಕಡೆ ಬಂದವರು ಹೊಸ್ತಿಲ ಹತ್ತಿರ ಬಿದ್ದರು. ಟೈಲರಣ್ಣ ಹೊರಗಿನಿಂದಲೇ ಅವರ ಅಂಗಿ ಹಿಡಿದು ಬೀದಿಗೆ ಎಳೆದ.

ಅಕ್ಕ ಒಳಗೆ ನುಗ್ಗಲು ಹೋದಳು. ಅಷ್ಟರಲ್ಲಿ ಟೈಲರಣ್ಣ ಆಂಬುಲೆನ್ಸಿಗೆ ಫೋನು ಹಚ್ಚಿ, ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡುತ್ತಿತ್ತು ಎಂದು ಹೇಳಿದ್ದ. ಫೋನಿನಲ್ಲಿದ್ದ ಹೆಂಗಸಿನ ದನಿ ಬೀದಿಗೆಲ್ಲ ಕೇಳುವಷ್ಟು ಜೋರಾಗಿತ್ತು. "ಯಾರೂ ಒಳಗೆ ಹೋಗ್ಬೇಡಿ! ಶಟರ್ ಪೂರ್ತಿ ಎತ್ತಿ. ಹೊರಗಿನಿಂದ್ಲೇ ಕಿಟಕಿ ತೆಗೀರಿ. ನಮ್ಮವರು ಹೊರಟಿದಾರೆ."

ಶಟರು ಎತ್ತಿದರು. ಟೈಲರಣ್ಣ ಹಿತ್ತಲಿಗೆ ಓಡಿ ಕಬ್ಬಿಣದ ಸಲಾಕೆಯಿಂದ ಕಿಟಕಿಯ ಹಲಗೆ ಕಿತ್ತ. ಆಂಬುಲೆನ್ಸು ಬಂದದ್ದು ಒಂಬತ್ತು ನಿಮಿಷಕ್ಕೆ. ಆ ಒಂಬತ್ತು ನಿಮಿಷ ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ತಮ್ಮ ಎಂಟು ಹೆಜ್ಜೆ ದೂರದಲ್ಲಿ ಮಲಗಿದ್ದ. ಕೆನ್ನೆ ಕೆಂಪಗಿತ್ತು. ಚಿಕ್ಕಂದಿನಲ್ಲಿ ಆಡಿ ಬಂದು ಮಲಗಿದಾಗ ಹಾಗೇ ಇರುತ್ತಿತ್ತು. ಅವಳು ಅವನನ್ನು ಕೂಗುತ್ತಲೇ ಇದ್ದಳು. ಅಕ್ಕ ಕೂಗಿದರೆ ಏಳದೆ ಇದ್ದವನಲ್ಲ ಅವನು.

ಅವನು ಏಳಲಿಲ್ಲ. ಆಸ್ಪತ್ರೆಯಲ್ಲಿ ಪಾಳಿಯಲ್ಲಿದ್ದ ನರ್ಸಮ್ಮನೇ ಹೊರಗೆ ಬಂದು ಅಕ್ಕನ ಭುಜ ಹಿಡಿದುಕೊಂಡಳು. ಒಂದು ಕವರಿನಲ್ಲಿ ಅವನ ಗಡಿಯಾರ, ಕೀಲಿ ಗೊಂಚಲು, ಹೊಸ ಕನ್ನಡಕ ಕೊಟ್ಟರು.

ಮೇಷ್ಟ್ರು ಬದುಕಿದರು. ಹಗಲಿರುಳು ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿ ಮಲಗಿಸಿ, ನಾಲ್ಕನೆಯ ದಿನ ಮನೆಗೆ ಕಳಿಸಿದರು. ಮೂರು ವಾರ ಚೆನ್ನಾಗಿದ್ದರು. ಆಮೇಲೆ ಶುರುವಾಯಿತು. ಚಮಚ ಅನ್ನಲು ಹೋಗಿ ಸ್ಪ್ಯಾನರ್ ಅನ್ನುತ್ತಿದ್ದರು. ಅಂಗಿಯ ಗುಂಡಿ ಹಾಕಿಕೊಳ್ಳಲು ಕೈ ನಡುಗುತ್ತಿತ್ತು. ಲ್ಯಾಪ್‌ಟಾಪ್ ತೆರೆದರೆ ಇಪ್ಪತ್ತೆರಡು ವರ್ಷ ಬೆರಳ ತುದಿಯಲ್ಲಿದ್ದ ಅಂಕಿಗಳೆಲ್ಲ ಇರುವೆಗಳಂತೆ ಕಾಣುತ್ತಿದ್ದವು. ಈ ಗ್ಯಾಸು ಮಿದುಳಿಗೆ ಮಾಡುವ ಗಾಯ ಎಷ್ಟೋ ಸಲ ತಡವಾಗಿ ಕಾಣಿಸಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ಸ್ವಲ್ಪ ಸ್ವಲ್ಪವೇ ಸರಿಹೋಗಬಹುದು, ಪೂರ್ತಿ ಹೋಗದೆಯೂ ಇರಬಹುದು.

ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದರೂ ತಿಂಗಳುಗಟ್ಟಲೆ ಆ ಮಾತು ಎತ್ತಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಅವರ ಗುಂಡಿ ಹಾಕಿಕೊಡುತ್ತಿದ್ದಾಗ ಮೇಷ್ಟ್ರು ಇದ್ದಕ್ಕಿದ್ದಂತೆ ಅತ್ತರು.

"ಆ ನರ್ಸಮ್ಮ ಹೇಳಿದ್ಳಲ್ಲೇ. ನಾನು ತಳ್ಳಿಹಾಕ್ದೆ. ಗೊತ್ತಿದ್ದವನು ನಾನು. ಗೊತ್ತಿದ್ದೂ ತಳ್ಳಿಹಾಕ್ದೆ."

ಅಕ್ಕ ಗುಂಡಿ ಬಿಡಲಿಲ್ಲ. "ಶಟರ್ ಎಳೆದವಳು ನಾನು ರೀ. ನಿಮಗೆ ಗೊತ್ತಾ, ಪೂರ್ತಿ ಎಳೆದೆ. ನೆಲ ಮುಟ್ಟೋವರೆಗೆ. ಅವನ ತಲೆ ಬಾಚಿದ ಕೈಲೇ ಎಳೆದೆ."

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಟೈಲರಣ್ಣ ನಿಂತಿದ್ದ. ಹೊಲಿದ ಬಟ್ಟೆ ಕೊಡಲು ಬಂದವನು ಮಾತು ಕೇಳಿಸಿಕೊಂಡು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಬರಲಾರದೆ ನಿಂತಿದ್ದ. "ಏನಾದ್ರೂ ಮಾಡಿ ಅಂತ ಕೇಳಿದವನು ನಾನಲ್ವಾ ಅಕ್ಕ" ಅಂದ. "ಅಮ್ಮ ಈಗ ಮಧ್ಯಾಹ್ನ ಮಲಗೋದೇ ಇಲ್ಲ. ಸದ್ದಿಲ್ಲದೆ ಇದ್ರೆ ಭಯ ಆಗುತ್ತೆ ಅಂತಾಳೆ."

ಆ ಎರಡು ಗಂಟೆ ಕಾರು ಓಡಿಸದೆ ಬೇರೆ ಕೆಲಸ ಮಾಡಿಕೊಂಡಿದ್ದರೆ ಆಗುತ್ತಿತ್ತು. ಅಷ್ಟು ಸುಲಭದ ಮಾತು ಅವತ್ತು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅಕ್ಕ ಒಂದು ಸಂಜೆ ನರ್ಸಮ್ಮನನ್ನು ಕೇಳಿದಳು. "ನಾನು ಅವತ್ತು ಒಳಗೆ ಹೋಗಿದ್ರೆ ಅವನು ಉಳೀತಿದ್ನಾ?"

"ಇಲ್ಲ. ನಿಮ್ಮನ್ನೂ ಹೊತ್ಕೊಂಡು ಬರಬೇಕಾಗ್ತಿತ್ತು." ನರ್ಸಮ್ಮ ತಲೆ ತಗ್ಗಿಸಿದಳು. "ನಾನು ಒಂದೇ ಸಲ ಹೇಳಿ ಸುಮ್ನಾದೆ ಅಕ್ಕ. ದಿನಾ ಬಂದು ತಲೆ ತಿನ್ನಬೇಕಿತ್ತು. ನೀವು ನನ್ನ ಬೈಕೊಂಡಿದ್ರೂ ಪರವಾಗಿರ್ಲಿಲ್ಲ."

ಬಿಳಿ ಕಾರಿನ ಹಲ್ಲಿನ ಡಾಕ್ಟರು ಕಾರನ್ನು ಒಯ್ಯಲು ಬಂದಾಗ ಬಹಳ ಹೊತ್ತು ಅದರ ಬಳಿಗೆ ಹೋಗಲಿಲ್ಲ. ಕೊನೆಗೆ ಅಕ್ಕನ ಮುಂದೆ ಕೂತು ಹೇಳಿದರು. "ಟ್ರ್ಯಾಕಲ್ಲಿ ಬೆಳಿಗ್ಗೆ ಕಾರು ಇಳಿಸೋ ಮುಂಚೆ ಎಲ್ಲರನ್ನೂ ನಿಲ್ಲಿಸಿ ನಿಯಮ ಹೇಳ್ತಾರೆ. ಹೆಲ್ಮೆಟ್, ಬ್ರೇಕು, ಬಾವುಟ ಎಲ್ಲಾ ಹೇಳ್ತಾರೆ. ಇದನ್ನ ಯಾರೂ ಹೇಳಲ್ಲ. ನೀವು ಬಂದು ಹೇಳ್ತೀರಾಮ್ಮ?"

"ನಂಗೆ ಭಾಷಣ ಬರಲ್ಲ ಡಾಕ್ಟ್ರೇ."

"ಭಾಷಣ ಬೇಡ."

ಹೋದಳು. ಮೇಷ್ಟ್ರೂ ಬಂದರು, ನರ್ಸಮ್ಮನೂ ಬಂದಳು. ಬಣ್ಣ ಬಣ್ಣದ ಕಾರುಗಳ ಮುಂದೆ ನಲವತ್ತು ಜನ ಅರ್ಧ ವೃತ್ತದಲ್ಲಿ ನಿಂತಿದ್ದರು. ಅಕ್ಕ ನಡೆದದ್ದನ್ನು ನಡೆದ ಹಾಗೇ ಹೇಳಿದಳು. ಶಟರು ತಾನೇ ಎಳೆದದ್ದನ್ನೂ ಹೇಳಿದಳು.

ಹಸಿರು ಕಾರಿನ ಮನುಷ್ಯನೊಬ್ಬ ಕೈ ಎತ್ತಿದ. ಪಕ್ಕದಲ್ಲಿ ಅವನ ಹೆಂಡತಿ, ಏಳೆಂಟು ವರ್ಷದ ಮಗಳು.

"ಕೇಳಿ ಬೇಜಾರಾಯ್ತಮ್ಮ. ಆದ್ರೆ ಅದು ಗ್ಯಾರೇಜಿನವರ ವಿಷಯ. ನಾವು ಓಡಿಸೋದು ರಸ್ತೆ ಮೇಲೆ, ಟ್ರ್ಯಾಕ್ ಮೇಲೆ, ಬಯಲಲ್ಲಿ. ನಮಗೇನು ತೊಂದ್ರೆ?"

ನರ್ಸಮ್ಮ ಮುಂದೆ ಬಂದಳು. "ನಿಮ್ಮ ಕಾರಲ್ಲೂ ಆ ಡಬ್ಬಿ ತೆಗೆಸಿದ್ದೀರಾ?"

"ಹೌದು. ಹೊಸ ಪೈಪೇ ಹಾಕ್ಸಿದ್ದೀನಿ."

"ಪೈಪಿನ ಜೋಡಣೆ ಎಲ್ಲಾದ್ರೂ ಬಿಟ್ಟಿದ್ರೆ, ಡಿಕ್ಕಿಯ ತಳದಲ್ಲಿ ಒಂದು ತೂತಿದ್ರೆ, ಆ ಗ್ಯಾಸು ಒಳಗೇ ಬರುತ್ತೆ. ಮೊದಲು ಸೇರೋದು ಹಿಂದಿನ ಸೀಟಿಗೆ. ಹಿಂದೆ ಯಾರು ಕೂರ್ತಾರೆ ನಿಮ್ಮ ಕಾರಲ್ಲಿ?"

ಅವನು ಬಾಯಿ ತೆರೆದ. ಅವನಿಗಿಂತ ಮೊದಲು ಅವನ ಹೆಂಡತಿ ಮಾತಾಡಿದಳು.

"ಇವಳು ಕೂರ್ತಾಳೆ." ಮಗಳ ತಲೆ ಮೇಲೆ ಕೈಯಿಟ್ಟಳು. "ಹೊರಟ ಅರ್ಧ ಗಂಟೆಗೆ ವಾಂತಿ ಮಾಡ್ಕೋತಾಳೆ. ತಲೆನೋವು ಅಂತ ಅಳ್ತಾಳೆ, ನಿದ್ದೆ ಮಾಡ್ಬಿಡ್ತಾಳೆ. ಕಾರು ಆಗಿಬರಲ್ಲ ಅಂತ ಮಾತ್ರೆ ಕೊಡ್ತಿದ್ವಿ."

"ಮೊದಲಿನಿಂದ್ಲೂ ಹಾಗೇನಾ?"

"ಇಲ್ಲ." ಅವಳು ಗಂಡನ ಮುಖ ನೋಡಿದಳು. "ಪೈಪು ಹಾಕಿಸಿದ ಮೇಲೆ."

ಮೇಷ್ಟ್ರು ಯಾರನ್ನೂ ಕೇಳದೆ ಹಸಿರು ಕಾರಿನ ಹತ್ತಿರ ಹೋದರು. ಮೆಲ್ಲಗೆ ಮಂಡಿಯೂರಿ, ನಡುಗುವ ಕೈಯಲ್ಲಿ ಟಾರ್ಚು ಹಿಡಿದು ಕೆಳಗೆ ನೋಡಿದರು. ಪೈಪಿನ ಜೋಡಣೆಯ ಸುತ್ತ ಕಪ್ಪು ಮಸಿ ಬಳಿದುಕೊಂಡಿತ್ತು. ಎದ್ದು ಡಿಕ್ಕಿಯ ಚಾಪೆ ಸರಿಸಿದರು. ವೈರು ಇಳಿಸಲು ಕೊರೆದ ತೂತೊಂದು ಬಾಯಿ ಬಿಟ್ಟುಕೊಂಡಿತ್ತು. "ಇಲ್ಲಿ... ಇಲ್ಲಿ ಅದಿರ್ಬೇಕಿತ್ತು... ಕಪ್ಪಗಿರುತ್ತಲ್ಲ..." ಪದ ಸಿಗದೆ ಬೆರಳಿಂದ ದುಂಡಗೆ ತೋರಿಸಿದರು.

"ರಬ್ಬರು" ಅಂದಳು ಅಕ್ಕ.

"ಹ್ಞಾಂ. ರಬ್ಬರು."

ಹಸಿರು ಕಾರಿನ ಮನುಷ್ಯ ಆ ತೂತಿನ ಮೇಲೆ ಕೈಯಿಟ್ಟು ನಿಂತುಬಿಟ್ಟ. ಅವತ್ತು ಅವನು ಟ್ರ್ಯಾಕಿಗೆ ಇಳಿಯಲಿಲ್ಲ. ಹೆಂಡತಿ ಮಗಳನ್ನು ಹಲ್ಲಿನ ಡಾಕ್ಟರು ತಮ್ಮ ಬೇರೊಂದು ಕಾರಿನಲ್ಲಿ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತಪಾಸಣೆ ಮಾಡಿಸಿದರು. ಮಗು ಚೆನ್ನಾಗಿತ್ತು. ವಾರದೊಳಗೆ ಹಸಿರು ಕಾರಿಗೆ ತೆಗೆಸಿದ್ದ ಡಬ್ಬಿ ವಾಪಸು ಕೂತಿತು, ತೂತು ಮುಚ್ಚಿತು. "ಈಗ ದಾರಿಯುದ್ದಕ್ಕೂ ಹಾಡು ಹೇಳಿ ನಮ್ಮ ತಲೆ ತಿಂತಾಳೆ" ಎಂದು ಆ ತಾಯಿ ಫೋನು ಮಾಡಿ ಹೇಳಿದಳು.

ಗ್ಯಾರೇಜು ಈಗ ಮತ್ತೆ ತೆರೆದಿದೆ. ಹಿಂದಿನ ಗೋಡೆಯಲ್ಲಿ ಎರಡು ದೊಡ್ಡ ಫ್ಯಾನು, ಅಗಲ ಬಾಯಿಯ ಕೊಳವೆ, ಎರಡು ಮೂಲೆಯಲ್ಲಿ ಎಚ್ಚರಿಕೆಯ ಯಂತ್ರ. ಟ್ಯೂನಿಂಗ್ ಕೆಲಸಕ್ಕೆ ಬೇರೆಯವರಿದ್ದಾರೆ, ಮೇಷ್ಟ್ರು ಪಕ್ಕದಲ್ಲಿ ಕೂತು ನೋಡುತ್ತಾರೆ. ಎರಡರಿಂದ ನಾಲ್ಕರವರೆಗೆ ಉರುಳೆ ತಿರುಗುವುದಿಲ್ಲ. ಅಜ್ಜಿಗಾಗಿ ಮಾಡಿಕೊಂಡ ಆ ಏರ್ಪಾಡಿಗೆ ಯಾವ ಗಿರಾಕಿಯೂ ತಕರಾರು ಮಾಡಿಲ್ಲ. ಪೈಪಣ್ಣನ ವೆಲ್ಡಿಂಗ್ ಮೇಜಿನ ಮುಂದೆ ಮಾತ್ರ ಯಾರೂ ಕೂರುವುದಿಲ್ಲ.

ಕೇಳಿದಿರಲ್ಲ, ಇಂಥ ಕಾರಿನ ಹುಚ್ಚು ನಿಮ್ಮ ಮನೆಯಲ್ಲೂ ಯಾರಿಗಾದರೂ ಇದ್ದೀತು. ಹುಚ್ಚಿರಲಿ, ಬೇಡ ಅನ್ನುವುದಿಲ್ಲ. ಆದರೆ ಇವತ್ತೇ ಹೋಗಿ ಅವರ ಗ್ಯಾರೇಜು ನೋಡಿ. ಇಂಜಿನ್ ಓಡುವಾಗ ಬಾಗಿಲು ಪೂರ್ತಿ ತೆರೆದಿರಲಿ, ಹೊಗೆ ಕೊಳವೆಯಲ್ಲಿ ಹೊರಗೆ ಹೋಗಲಿ, ಫ್ಯಾನು ತಿರುಗುತ್ತಿರಲಿ. ಬಾಗಿಲು ಅರ್ಧ ತೆರೆದರೆ ಸಾಕು, ಮೂಗಿಗೆ ಬಟ್ಟೆ ಕಟ್ಟಿದರೆ ಸಾಕು ಎಂದು ಯಾರೇ ಹೇಳಿದರೂ ಒಪ್ಪಬೇಡಿ. ರಸ್ತೆಗಿಳಿಯುವ ಕಾರಿನಿಂದ ಹೊಗೆ ಶುದ್ಧ ಮಾಡುವ ಡಬ್ಬಿಯನ್ನು ತೆಗೆಸಬೇಡಿ. ಪೈಪು ಬದಲಾಯಿಸಿದರೆ ಜೋಡಣೆಯನ್ನೂ ಡಿಕ್ಕಿಯ ತಳವನ್ನೂ ಗೊತ್ತಿದ್ದವರಿಗೆ ತೋರಿಸಿ. ಗ್ಯಾರೇಜಿನಲ್ಲೋ ಕಾರಿನಲ್ಲೋ ಬಂದ ತಲೆನೋವು, ವಾಕರಿಕೆ ಹೊರಗಿನ ಗಾಳಿಗೆ ಬಂದ ಮೇಲೆ ಇಳಿದರೆ ಮಾತ್ರೆ ನುಂಗಿ ಮತ್ತೆ ಒಳಗೆ ಹೋಗಬೇಡಿ, ಆಸ್ಪತ್ರೆಗೆ ಹೋಗಿ ಇದ್ದದ್ದನ್ನು ಹೇಳಿ. ಒಳಗೆ ಯಾರಾದರೂ ಬಿದ್ದಿದ್ದರೆ ಮೊದಲು ಆಂಬುಲೆನ್ಸಿಗೆ ಕರೆ ಮಾಡಿ, ಹೊರಗಿನಿಂದಲೇ ಬಾಗಿಲು ಕಿಟಕಿ ತೆರೆಯಿರಿ. ಎಷ್ಟೇ ಬೇಕಾದವರಾಗಿರಲಿ, ಆ ಗಾಳಿಯೊಳಗೆ ನುಗ್ಗಬೇಡಿ.

ಸದ್ದಾಗುತ್ತದೆ, ಪಕ್ಕದ ಮನೆಯವರು ಬೈಯುತ್ತಾರೆ ಎಂದು ಬಾಗಿಲು ಮುಚ್ಚುವವರು ಈಗಲೂ ಇದ್ದಾರೆ. ಅಂಥವರು ಸಿಕ್ಕರೆ ಅಕ್ಕ ಹೇಳುವುದು ಇಷ್ಟೇ: "ಬೈದ್ರೆ ಬೈಯ್ಲಿ ಬಿಡಪ್ಪ. ಬೈಸ್ಕೊಳ್ಳೋಕೆ ಮನುಷ್ಯ ಅಂತ ಇರ್ಬೇಕಲ್ಲ."